ಮನೆಯಂಗಳದಲ್ಲಿ ಕಟ್ಟುವ ಹಾಯಿದೋಣಿ

ಮನೆಯಲ್ಲೇ ಕಟ್ಟಿಕೊಳ್ಳುವ ಹಾಯಿದೋಣಿ ಸಾಮಾನ್ಯವಾಗಿ ಎಂಟು ಅಡಿಯಿಂದ ಹದಿನೈದು ಅಡಿ ಉದ್ದವಿರುತ್ತದೆ. ಅದರಲ್ಲಿ ಒಬ್ಬರೋ ಇಬ್ಬರೋ ಕೂರಬಹುದು; ಇಬ್ಬರು ಸೇರಿದರೆ ಎತ್ತಿ ನೀರಿಗಿಳಿಸಬಹುದು; ಚಿಕ್ಕದಾದರೆ ಕಾರಿನ ಮೇಲೆ, ದೊಡ್ಡದಾದರೆ ಗೂಡ್ಸ್ ಆಟೋದಲ್ಲಿ ಕೆರೆಯವರೆಗೆ ಸಾಗಿಸಬಹುದು. ಎಂಜಿನ್ ಇಲ್ಲ, ಇಂಧನದ ಖರ್ಚಿಲ್ಲ. ಮೂರ್ನಾಲ್ಕು ಪ್ಲೈವುಡ್ ಶೀಟು, ಕೆಲವು ಕಿಲೋ ಅಂಟು, ಕಂಬಕ್ಕೊಂದು ನೇರವಾದ ಮರ, ಹಾಯಿಗೆ ಐದಾರು ಚದರ ಮೀಟರ್ ಬಟ್ಟೆ, ಒಂದಷ್ಟು ಹಗ್ಗ ಇದ್ದರೆ ಕೆಲಸ ಶುರುವಾಗುತ್ತದೆ. ಎರಡನೇ ಮಹಾಯುದ್ಧದ ನಂತರ ಯುರೋಪು, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಇಂಥ ದೋಣಿಗಳು ಹತ್ತಾರು ಸಾವಿರ ಸಂಖ್ಯೆಯಲ್ಲಿ ಗ್ಯಾರೇಜು, ಹಿತ್ತಿಲು, ಶಾಲೆಯ ಕೋಣೆಗಳಲ್ಲಿ ಹುಟ್ಟಿದವು. ಅವುಗಳನ್ನು ಕಟ್ಟಿದವರು ದೋಣಿ ಕೆಲಸ ಕಲಿತವರಲ್ಲ, ಗರಗಸ ಹಿಡಿಯಲು ಬರುತ್ತಿದ್ದ ಸಾಮಾನ್ಯ ಜನ.

ಅದಕ್ಕೂ ಮೊದಲು ಹೀಗೆ ಕಟ್ಟುವುದು ಸುಲಭವಿರಲಿಲ್ಲ. ಹಲಗೆಯ ದೋಣಿ ಕಟ್ಟುವುದು ತಲೆಮಾರುಗಳಿಂದ ಕೈಯಿಂದ ಕೈಗೆ ಬಂದ ವಿದ್ಯೆ. ಬಾಗಿದ ಮರದ ಪಕ್ಕೆಲುಬುಗಳನ್ನು ನಿಲ್ಲಿಸಿ, ಒಂದೊಂದೇ ಹಲಗೆಯನ್ನು ಬಗ್ಗಿಸಿ ಕೂರಿಸಿ, ಸಂದುಗಳಿಗೆ ನಾರು ತುರುಕಿ, ರಾಳ ಮೆತ್ತಿ ನೀರು ಒಸರದಂತೆ ಮಾಡಬೇಕು. ಹಲಗೆ ಒಣಗಿದರೆ ಕುಗ್ಗುತ್ತದೆ, ನೆನೆದರೆ ಹಿಗ್ಗುತ್ತದೆ. ಆ ಲೆಕ್ಕ ಆಚಾರಿಯ ಕೈಗೆ ಗೊತ್ತಿರುತ್ತದೆಯೇ ಹೊರತು ಪುಸ್ತಕದಲ್ಲಿ ಸಿಗುವುದಿಲ್ಲ. ಭಾರತದ ಪಶ್ಚಿಮ ಕರಾವಳಿಯಲ್ಲಿ ಹಲಗೆಗಳನ್ನು ತೆಂಗಿನ ಹುರಿಯಿಂದ ಹೊಲಿದು ಹಡಗು ಕಟ್ಟುವ ಪದ್ಧತಿಯೂ ಇತ್ತು. ಅದೇ ಕ್ರಮದಲ್ಲಿ ಕೇರಳದ ಕುಶಲಕರ್ಮಿಗಳು ಗೋವಾದಲ್ಲಿ ಕಟ್ಟಿದ ‘ಕೌಂಡಿನ್ಯ’ ಎಂಬ ಹಾಯಿಹಡಗು 2025ರ ಮೇ ತಿಂಗಳಲ್ಲಿ ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆಗೆ ಸೇರಿತು.

ಈ ವಿದ್ಯೆಯಿಲ್ಲದವರಿಗೂ ದೋಣಿ ಎಟುಕುವಂತೆ ಮಾಡಿದ್ದು ಪ್ಲೈವುಡ್. ತೆಳುವಾದ ಮರದ ಪದರಗಳನ್ನು ಅಡ್ಡಡ್ಡ ಜೋಡಿಸಿ ಅಂಟಿಸಿದ ಹಾಳೆ ಹಳೆಯ ವಸ್ತುವೇ. ಆದರೆ ಅದರ ಅಂಟು ನೀರು ತಾಗಿದರೆ ಬಿಡುತ್ತಿತ್ತು. 1930ರ ದಶಕದಲ್ಲಿ ಫೀನಾಲಿಕ್ ಅಂಟು ಬಂದ ಮೇಲೆ ಆ ತೊಂದರೆ ತಪ್ಪಿತು. ಯುದ್ಧಕಾಲದಲ್ಲಿ ಬ್ರಿಟನ್ನಿನ ‘ಮಸ್ಕಿಟೊ’ ವಿಮಾನದ ಮೈಯನ್ನೇ ಪ್ಲೈವುಡ್ ಮತ್ತು ಬಾಲ್ಸಾ ಮರದಲ್ಲಿ ಮಾಡಿದರು. ಯುದ್ಧ ಮುಗಿದಾಗ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಗಟ್ಟಿ ಹಾಳೆಗಳು ಅಂಗಡಿಗೆ ಬಂದವು. ಈ ಹಾಳೆಗೆ ಒಂದು ಮಿತಿಯಿದೆ: ಅದು ಒಮ್ಮೆಗೆ ಒಂದೇ ದಿಕ್ಕಿಗೆ ಬಾಗುತ್ತದೆ. ಕೊಳವೆಯ ಹಾಗೆ ಸುರುಳಿಯಾದೀತು, ಬಟ್ಟಲಿನ ಹಾಗೆ ಗುಂಡಗಾಗದು. ಆದ್ದರಿಂದ ಪ್ಲೈವುಡ್ ದೋಣಿಯ ತಳ ಚಪ್ಪಟೆಯಾಗಿರುತ್ತದೆ ಅಥವಾ ಕೋನಾಕಾರವಾಗಿರುತ್ತದೆ. ತಳವೂ ಪಕ್ಕೆಯೂ ಕೂಡುವಲ್ಲಿ ಸ್ಪಷ್ಟವಾದ ಅಂಚು ಕಾಣುತ್ತದೆ. ಈ ಮಿತಿಯನ್ನು ಮನಸಾರೆ ಒಪ್ಪಿಕೊಂಡು ಅದರೊಳಗೇ ಚೆಂದದ ರೂಪ ಹುಡುಕಿದ ವಿನ್ಯಾಸಕಾರರಿಂದಲೇ ಮನೆಯ ದೋಣಿಯ ಪರಂಪರೆ ಬೆಳೆಯಿತು.

1947 ಈ ಪರಂಪರೆಯಲ್ಲಿ ನೆನಪಿಡಬೇಕಾದ ವರ್ಷ. ಅಮೆರಿಕದ ಫ್ಲಾರಿಡಾದ ಕ್ಲಿಯರ್‌ವಾಟರ್ ಊರಿನಲ್ಲಿ ಮೇಜರ್ ಕ್ಲಿಫರ್ಡ್ ಮೆಕ್‌ಕೇ ಎಂಬವರು, ಮಕ್ಕಳು ತಂದೆ-ತಾಯಿಯ ಜೊತೆ ಸೇರಿ ಕಟ್ಟಬಹುದಾದ, ಐವತ್ತು ಡಾಲರ್ ಒಳಗೆ ಮುಗಿಯುವ ಹಾಯಿದೋಣಿ ಬೇಕೆಂದು ಕ್ಲಾರ್ಕ್ ಮಿಲ್ಸ್ ಎಂಬ ದೋಣಿ ಕೆಲಸಗಾರನನ್ನು ಕೇಳಿಕೊಂಡರು. ಎಂಟಡಿಯ ಹಾಳೆಯಲ್ಲೇ ಉದ್ದ ಮುಗಿಯಬೇಕಾದ್ದರಿಂದ ಮಿಲ್ಸ್ ಮೂತಿಯನ್ನು ಚೂಪು ಮಾಡದೆ ಮೊಂಡಾಗಿ ಕತ್ತರಿಸಿದರು. 2.36 ಮೀಟರ್ ಉದ್ದದ ಆ ದೋಣಿಯೇ ‘ಆಪ್ಟಿಮಿಸ್ಟ್’. ಆಕ್ಸೆಲ್ ಡ್ಯಾಮ್‌ಗಾರ್ಡ್ ಎಂಬವರು ಅದನ್ನು ಡೆನ್ಮಾರ್ಕಿಗೆ ಒಯ್ದರು. ಅಲ್ಲಿಂದ ಯುರೋಪಿನ ತುಂಬ ಹರಡಿತು. ಇಂದು ಹದಿನೈದು ವರ್ಷದವರೆಗಿನ ಮಕ್ಕಳು ನೂರಕ್ಕೂ ಹೆಚ್ಚು ದೇಶಗಳಲ್ಲಿ ಅದನ್ನು ಓಡಿಸುತ್ತಾರೆ. ಈಗಿನವು ಹೆಚ್ಚಾಗಿ ಕಾರ್ಖಾನೆಯ ಫೈಬರ್‌ಗ್ಲಾಸ್ ದೋಣಿಗಳು. ರೂಪ ಮಾತ್ರ ಪ್ಲೈವುಡ್ ಹಾಳೆ ಹೇಳಿಕೊಟ್ಟದ್ದೇ.

ಅದೇ ವರ್ಷ ಇಂಗ್ಲೆಂಡಿನಲ್ಲಿ ಜ್ಯಾಕ್ ಹೋಲ್ಟ್ ಮಕ್ಕಳಿಗಾಗಿ ‘ಕೆಡೆಟ್’ ದೋಣಿಯನ್ನು ರೂಪಿಸಿದರು. 1956ರಲ್ಲಿ ‘ನ್ಯೂಸ್ ಕ್ರಾನಿಕಲ್’ ಪತ್ರಿಕೆಯ ಬೆಂಬಲದಿಂದ ಅವರದೇ ‘ಎಂಟರ್‌ಪ್ರೈಸ್’ ಬಂತು. ನೀಲಿ ಹಾಯಿಯ ಈ ದೋಣಿ ಭಾರತದ ಹಾಯಿದೋಣಿ ಕ್ಲಬ್ಬುಗಳಲ್ಲೂ ಬಹಳ ಪರಿಚಿತ. ಆದರೆ ಎಲ್ಲಕ್ಕಿಂತ ದೊಡ್ಡ ಹೆಜ್ಜೆ ಇಟ್ಟದ್ದು ‘ಮಿರರ್’. ‘ಡೈಲಿ ಮಿರರ್’ ಪತ್ರಿಕೆಯ ಹೆಸರು ಹೊತ್ತ ಈ ದೋಣಿ 1963ರ ಆರಂಭದಲ್ಲಿ ಮಾರಾಟಕ್ಕೆ ಬಂದಾಗ ಅದರ ಬೆಲೆ 63 ಪೌಂಡ್ 11 ಶಿಲಿಂಗ್. ಕತ್ತರಿಸಿದ ಪ್ಲೈವುಡ್ ತುಂಡುಗಳು, ಕಂಬ, ಕೆಂಪು ಹಾಯಿ ಎಲ್ಲವೂ ಒಂದೇ ಕಟ್ಟಿನಲ್ಲಿ ಮನೆಗೆ ಬರುತ್ತಿದ್ದವು. ಕಂಬ-ಗಳಗಳೆಲ್ಲ ದೋಣಿಯ ಉದ್ದದೊಳಗೇ ಹಿಡಿಸುವಂತೆ ಇದ್ದುದರಿಂದ ಕಾರಿನ ಮೇಲೆ ಕಟ್ಟಿ ಒಯ್ಯುವುದೂ ಸುಲಭವಾಗಿತ್ತು. ಇದುವರೆಗೆ ಎಪ್ಪತ್ತು ಸಾವಿರಕ್ಕೂ ಹೆಚ್ಚು ಮಿರರ್ ದೋಣಿಗಳು ಆಗಿವೆ. ಎ. ಜೆ. ಮೆಕಿನನ್ ಎಂಬ ಶಿಕ್ಷಕರು ‘ಜ್ಯಾಕ್ ಡಿ ಕ್ರೋ’ ಎಂದು ಹೆಸರಿಟ್ಟ ಮಿರರ್ ದೋಣಿಯೊಂದನ್ನು ಇಂಗ್ಲೆಂಡಿನ ಒಳನಾಡಿನಿಂದ ಹೆಚ್ಚಾಗಿ ನದಿ-ಕಾಲುವೆಗಳ ದಾರಿಯಲ್ಲಿ ಕಪ್ಪು ಸಮುದ್ರದವರೆಗೆ ಓಡಿಸಿಕೊಂಡು ಹೋಗಿ, ಆ ಪ್ರಯಾಣದ ಬಗ್ಗೆ ಪುಸ್ತಕ ಬರೆದಿದ್ದಾರೆ. ಹನ್ನೊಂದಡಿಗೂ ಕಡಿಮೆ ಉದ್ದದ ದೋಣಿಗೆ ಅದು ಸಣ್ಣ ಸಾಧನೆಯಲ್ಲ.

ಮಿರರ್‌ನ ಗುಟ್ಟು ಅದರ ಜೋಡಣೆಯಲ್ಲಿತ್ತು. ಟೆಲಿವಿಷನ್ನಿನಲ್ಲಿ ಮನೆ ರಿಪೇರಿ ಹೇಳಿಕೊಡುತ್ತಿದ್ದ ಬ್ಯಾರಿ ಬಕ್‌ನೆಲ್, ದೋಣಿಗೆ ಪಕ್ಕೆಲುಬುಗಳ ಹಂದರವೇ ಬೇಡವೆಂದು ತೋರಿಸಿದರು. ಪ್ಲೈವುಡ್ ತುಂಡುಗಳ ಅಂಚಿನಲ್ಲಿ ರಂಧ್ರ ಕೊರೆದು, ತಾಮ್ರದ ತಂತಿಯಿಂದ ಹೊಲಿದು, ಸಂದಿಗೆ ಫೈಬರ್‌ಗ್ಲಾಸ್ ಪಟ್ಟಿಯನ್ನು ಅಂಟಿಸಿದರೆ ದೋಣಿ ತಾನೇ ರೂಪ ತಾಳುತ್ತದೆ. ಒಳ್ಳೆಯ ದರ್ಜಿ ಚಪ್ಪಟೆ ಬಟ್ಟೆಯನ್ನು ಅಂಚಿನಲ್ಲಿ ಬಾಗಿಸಿ ಕತ್ತರಿಸಿ ಮೈಗೆ ಒಪ್ಪುವ ರವಿಕೆ ಮಾಡುವಂತೆಯೇ ಇಲ್ಲಿಯೂ ಆಕಾರವೆಲ್ಲ ಕತ್ತರಿಸಿದ ಅಂಚಿನಲ್ಲೇ ಅಡಗಿರುತ್ತದೆ. ಕರಾವಳಿಯ ಹುರಿ ಹೊಲಿಗೆ ಹಡಗು ಇರುವಷ್ಟು ದಿನವೂ ಹಲಗೆಯನ್ನು ಹಿಡಿದಿರಬೇಕು. ಪ್ಲೈವುಡ್ ದೋಣಿಯ ಹೊಲಿಗೆಯಾದರೋ ಅಂಟು ಗಟ್ಟಿಯಾಗುವವರೆಗೆ ಮಾತ್ರ.

ಅಮೆರಿಕದಲ್ಲಿ ಈ ಸರಳತೆಯನ್ನು ಇನ್ನೂ ಮುಂದಕ್ಕೆ ಒಯ್ದವರು ಮ್ಯಾಸಚೂಸೆಟ್ಸಿನ ಫಿಲ್ ಬೋಲ್ಗರ್. ನೂರಾರು ದೋಣಿಗಳ ನಕ್ಷೆ ಬರೆದ ಬೋಲ್ಗರ್, ಕಟ್ಟಲು ಅತಿ ಸುಲಭವಾದ ಪೆಟ್ಟಿಗೆಯಾಕಾರದ ದೋಣಿಗಳೂ ನೀರಿನಲ್ಲಿ ಚೆನ್ನಾಗಿ ಸಾಗುತ್ತವೆ ಎಂದು ಮಾಡಿ ತೋರಿಸಿದರು. ಮೇನ್ ರಾಜ್ಯದ ಹೆರಾಲ್ಡ್ ಪೇಸನ್ 1979ರ ‘ಇನ್‌ಸ್ಟಂಟ್ ಬೋಟ್ಸ್’ ಪುಸ್ತಕದಲ್ಲಿ ಆ ದೋಣಿಗಳನ್ನು ಕಟ್ಟುವ ಬಗೆಯನ್ನು ಹಂತಹಂತವಾಗಿ ವಿವರಿಸಿದರು. 2003ರಲ್ಲಿ ಬಂದ ‘ಪಡಲ್ ಡಕ್ ರೇಸರ್’ ಈ ದಾರಿಯ ಕೊನೆಯ ತುದಿ: ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ, ತಳ ಮಾತ್ರ ಬಾಗಿದ ಮರದ ಪೆಟ್ಟಿಗೆ. ನಿಯಮ ಹಿಡಿದಿಡುವುದು ಒಡಲಿನ ಕೆಳಗಿನ ಹತ್ತು ಅಂಗುಲದ ಆಕಾರವನ್ನು ಮಾತ್ರ. ಅದರ ಮೇಲೆ ಆಸನ, ಕಂಬ, ಹಾಯಿ ಎಲ್ಲವೂ ಕಟ್ಟುವವರ ಇಷ್ಟ. ನೋಡಲು ಅದು ದೋಣಿಯಂತೆ ಕಾಣುವುದಿಲ್ಲ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಮೊದಲ ಸಲ ಕಟ್ಟುವವರಿಗೆ ಅದಕ್ಕಿಂತ ಒಳ್ಳೆಯ ಗುರು ಸಿಗುವುದು ಕಷ್ಟ. ಎಷ್ಟೋ ದೊಡ್ಡ ಕನಸಿನ ದೋಣಿಗಳು ಅರ್ಧಕ್ಕೆ ನಿಂತು ಶೆಡ್ಡಿನಲ್ಲಿ ಧೂಳು ಹಿಡಿಯುತ್ತವೆ. ಪೆಟ್ಟಿಗೆದೋಣಿಯನ್ನು ಕೆಲವೇ ವಾರಾಂತ್ಯಗಳಲ್ಲಿ ಮುಗಿಸಿ ನೀರಿಗಿಳಿಸಬಹುದು.

ಗಾತ್ರದ ಲೆಕ್ಕ ಸರಳ. ಎಂಟು ಅಡಿಗೆ ನಾಲ್ಕು ಅಡಿಯ ಚಪ್ಪಟೆ ತಳ ನೀರಿನಲ್ಲಿ ಒಂದು ಸೆಂಟಿಮೀಟರ್ ಇಳಿದರೆ ಸುಮಾರು 30 ಕಿಲೋ ಭಾರ ಹೊರುತ್ತದೆ. ದೋಣಿಯದು 40 ಕಿಲೋ, ಕೂತವರದು 70 ಕಿಲೋ ಎಂದಿಟ್ಟುಕೊಂಡರೆ ನಾಲ್ಕು ಸೆಂಟಿಮೀಟರ್ ಸಾಕು. ತಳ ಬಾಗಿರುವುದರಿಂದ ನಡುವೆ ಇನ್ನಷ್ಟು ಇಳಿಯುತ್ತದೆ. ವೇಗದ ಮಿತಿಯನ್ನೂ ಉದ್ದವೇ ನಿರ್ಧರಿಸುತ್ತದೆ. ದೋಣಿ ಸಾಗುವಾಗ ತಾನೇ ಎಬ್ಬಿಸಿದ ಅಲೆಯ ತಗ್ಗಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅಲೆ ಉದ್ದವಾದಷ್ಟೂ ಅದರ ವೇಗ ಹೆಚ್ಚು. ಎಂಟಡಿಯ ದೋಣಿಗೆ ಈ ಮಿತಿ ಗಂಟೆಗೆ ಸುಮಾರು 7 ಕಿಲೋಮೀಟರ್, ಹದಿನೈದಡಿಯದಕ್ಕೆ 9.5ರ ಆಸುಪಾಸು. ಹಗುರವಾದ ದೋಣಿ ಬಲವಾದ ಗಾಳಿಯಲ್ಲಿ ನೀರಿನ ಮೇಲೆದ್ದು ಜಾರತೊಡಗಿದರೆ ಮಾತ್ರ ಈ ಮಿತಿ ದಾಟುತ್ತದೆ. ಅಂಕಿ ಸಣ್ಣದೆನಿಸಿದರೂ, ನೀರಿಗೆ ಒಂದಡಿ ಮೇಲೆ ಕೂತವರಿಗೆ 7 ಕಿಲೋಮೀಟರ್ ವೇಗವೂ ರಭಸವೆನಿಸುತ್ತದೆ.

ಸಾಮಗ್ರಿಯಲ್ಲಿ ಜಿಪುಣತನ ಮಾಡಬಾರದ ಜಾಗ ಪ್ಲೈವುಡ್ಡೇ. ಬ್ರಿಟಿಷ್ ಮಾನದಂಡ ಬಿಎಸ್ 1088. ಭಾರತದಲ್ಲಿ ಮರೀನ್ ಪ್ಲೈವುಡ್ಡಿಗೆ ಐಎಸ್ 710. ಕರ್ನಾಟಕದ ಯಾವುದೇ ಪಟ್ಟಣದಲ್ಲಿ ಅಡುಗೆಮನೆಯ ಕಪಾಟು ಮಾಡಿಸುವವರು ಕೇಳುವ ‘710’ ಇದೇ. ಇದರ ಅಂಟನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪರೀಕ್ಷಿಸಿರಬೇಕು ಎಂಬುದು ನಿಯಮ. ಮುದ್ರೆ ಇದ್ದ ಮಾತ್ರಕ್ಕೆ ಸಾಲದು. ಹಾಳೆಯ ಅಂಚನ್ನು ನೋಡಿ ಒಳಪದರಗಳಲ್ಲಿ ಟೊಳ್ಳು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ಒಂದು ತುಂಡನ್ನು ಮನೆಯಲ್ಲೇ ಕುದಿಸಿ ಒಣಗಿಸಿ ಪದರ ಬಿಡುತ್ತದೆಯೇ ಎಂದು ನೋಡಬೇಕು. ಸಣ್ಣ ದೋಣಿಗೆ 6 ಮಿಲಿಮೀಟರ್ ದಪ್ಪ ಸಾಕು. ನಮ್ಮಲ್ಲಿ ಸಿಗುವ ಗಟ್ಟಿಮರದ 6 ಮಿಲಿಮೀಟರ್ ಹಾಳೆ ಸುಮಾರು 12 ಕಿಲೋ ತೂಗುತ್ತದೆ. ಹೊರದೇಶಗಳಲ್ಲಿ ಬಳಸುವ ಆಫ್ರಿಕಾದ ಒಕುಮೆ ಮರದ ಹಾಳೆ ಅದಕ್ಕಿಂತ ಎಷ್ಟೋ ಹಗುರ. ಆದ್ದರಿಂದ ಅಲ್ಲಿನ ನಕ್ಷೆಯಂತೆ ಇಲ್ಲಿ ಕಟ್ಟಿದ ದೋಣಿ ಒಂದಷ್ಟು ಭಾರವಾಗುತ್ತದೆ.

ಅಂಚುಪಟ್ಟಿ, ಕಂಬ, ಚುಕ್ಕಾಣಿಗಳಿಗೆ ಗಟ್ಟಿಮರ ಬೇಕು. ಹೆಬ್ಬಲಸು ಪಶ್ಚಿಮ ಕರಾವಳಿಯ ದೋಣಿಗಳಲ್ಲಿ ತಲೆಮಾರುಗಳಿಂದ ಬಳಕೆಯಲ್ಲಿದೆ. ತೇಗವೂ ಒಳ್ಳೆಯದೇ, ಆದರೆ ಅದರಲ್ಲಿ ಎಣ್ಣೆಯಂಶ ಇರುವುದರಿಂದ ಅಂಟಿಸುವ ಮುನ್ನ ಅಸಿಟೋನಿನಿಂದ ಒರೆಸಬೇಕು. ಕನ್ನಡ ಜಿಲ್ಲೆಗಳ ಘಟ್ಟದ ಪೂನ್ ಮರ ಬ್ರಿಟಿಷರ ಕಾಲದಲ್ಲಿ ಹಡಗಿನ ಕಂಬಗಳಿಗೆ ಹೆಸರಾಗಿತ್ತು; ಎಂಟಡಿ ದೋಣಿಗೆ ಅಂಥ ಮರವೇನೂ ಬೇಕಿಲ್ಲ. ಗಂಟಿಲ್ಲದ ಎರಡು ರೀಪುಗಳನ್ನು ಅಂಟಿಸಿ ಹತ್ತರಿ ಹಿಡಿದ ಕಂಬ, ಅಲ್ಯೂಮಿನಿಯಂ ಪೈಪು, ಬಲಿತ ಗಟ್ಟಿಬಿದಿರು, ಯಾವುದಾದರೂ ಆದೀತು. ಬಿದಿರಾದರೆ ಒತ್ತಡ ಬೀಳುವಲ್ಲಿ ಹುರಿ ಸುತ್ತಿ ಬಿಗಿಯಬೇಕು, ಇಲ್ಲವಾದರೆ ಸೀಳುತ್ತದೆ.

ಅಂಟು ಎಂದರೆ ಈಗ ಎಪಾಕ್ಸಿ. ರೆಸಿನ್ ಮತ್ತು ಹಾರ್ಡನರ್ ಎಂಬ ಎರಡು ದ್ರವಗಳನ್ನು ತಯಾರಕರು ಹೇಳಿದ ಅನುಪಾತದಲ್ಲೇ ತೂಗಿ ಬೆರೆಸಬೇಕು. ಬೇಗ ಗಟ್ಟಿಯಾಗಲೆಂದು ಹಾರ್ಡನರ್ ಹೆಚ್ಚು ಸುರಿದರೆ ಅಂಟು ದುರ್ಬಲವಾಗುತ್ತದೆ. ಬೆರೆಸಿದೊಡನೆ ಅದು ಬಿಸಿಯಾಗತೊಡಗುತ್ತದೆ. ಬೇಸಿಗೆಯ ಮಧ್ಯಾಹ್ನ ಡಬ್ಬದ ತುಂಬ ಬೆರೆಸಿಟ್ಟರೆ ಹೊಗೆಯೇಳುವಷ್ಟು ಕಾಯಬಹುದು. ಆದ್ದರಿಂದ ಸ್ವಲ್ಪ ಸ್ವಲ್ಪವೇ ಬೆರೆಸಿ, ಅಗಲವಾದ ತಟ್ಟೆಗೆ ಸುರಿದುಕೊಂಡು, ಬೆಳಗಿನ ಹೊತ್ತು ಕೆಲಸ ಮಾಡುವುದು ಜಾಣತನ. ಕೈಗವಸು ಕಡ್ಡಾಯ. ಎಪಾಕ್ಸಿ ಚರ್ಮಕ್ಕೆ ಮತ್ತೆ ಮತ್ತೆ ತಾಗಿದರೆ ಅಲರ್ಜಿ ಹುಟ್ಟುತ್ತದೆ, ಹುಟ್ಟಿದ ಮೇಲೆ ಬಿಡುವುದಿಲ್ಲ. ಗಟ್ಟಿಯಾದ ಅಂಟನ್ನು ಉಜ್ಜುವಾಗ ಏಳುವ ಧೂಳಿಗೂ ಮಾಸ್ಕ್ ಬೇಕು.

ಕಟ್ಟುವ ಕೆಲಸ ಗೆರೆ ಎಳೆಯುವುದರಿಂದ ಆರಂಭವಾಗುತ್ತದೆ. ನಕ್ಷೆಯಲ್ಲಿ ಒಂದೊಂದು ಅಡಿಗೂ ಅಂಚು ಎಷ್ಟು ಎತ್ತರದಲ್ಲಿದೆ ಎಂಬ ಅಳತೆ ಕೊಟ್ಟಿರುತ್ತದೆ. ಆ ಬಿಂದುಗಳಿಗೆ ಸಣ್ಣ ಮೊಳೆ ಹೊಡೆದು, ತೆಳುವಾದ ರೀಪನ್ನು ಅವುಗಳಿಗೆ ಆನಿಸಿ ಬಗ್ಗಿಸಿದರೆ ನಯವಾದ ಬಾಗು ಸಿಗುತ್ತದೆ. ರೀಪು ಎಲ್ಲಿಯೂ ತಟ್ಟನೆ ತಿರುಗದೆ ಒಂದೇ ಓಟದಲ್ಲಿ ಹೋಗಬೇಕು. ಗೆರೆಯ ಮೇಲೆ ಕಣ್ಣಿಟ್ಟು ಹಾಳೆಯ ತುದಿಯಿಂದ ನೋಡಿದರೆ ತಪ್ಪು ಗೊತ್ತಾಗುತ್ತದೆ. ಎರಡು ಪಕ್ಕೆಗಳನ್ನು ಒಂದರ ಮೇಲೊಂದಿಟ್ಟು ಒಟ್ಟಿಗೇ ಕತ್ತರಿಸಿದರೆ ಎಡ-ಬಲ ಒಂದೇ ಆಗುತ್ತವೆ. ಆಮೇಲೆ ಅಂಚಿನಲ್ಲಿ ಗೇಣಿಗೊಂದರಂತೆ, ಬಾಗು ಹೆಚ್ಚಿರುವಲ್ಲಿ ಇನ್ನೂ ಹತ್ತಿರ ಹತ್ತಿರ ರಂಧ್ರ ಕೊರೆದು ತಾಮ್ರದ ತಂತಿಯಿಂದಲೋ ನೈಲಾನ್ ಕೇಬಲ್ ಟೈಗಳಿಂದಲೋ ಹೊಲಿಯಬೇಕು. ಚಪ್ಪಟೆ ಹಾಳೆಗಳು ಮೇಲೆದ್ದು ದೋಣಿಯಾಗುವುದು ಆ ಒಂದೇ ಮಧ್ಯಾಹ್ನದಲ್ಲಿ. ಕಟ್ಟುವ ಇಡೀ ಕೆಲಸದಲ್ಲಿ ಇಷ್ಟು ಸಂತೋಷ ಕೊಡುವ ಗಳಿಗೆ ಇನ್ನೊಂದಿಲ್ಲ.

ಆ ಸಂತೋಷದಲ್ಲಿ ಅವಸರಪಡಬಾರದು. ಅಂಟು ಬೀಳುವ ಮೊದಲು ಒಡಲು ತಿರುಚಿಲ್ಲವೆಂದು ನೋಡಿಕೊಳ್ಳಬೇಕು. ಮುಂದೊಂದು ಹಿಂದೊಂದು ನೇರವಾದ ಪಟ್ಟಿಯನ್ನು ಅಡ್ಡಲಾಗಿಟ್ಟು, ಹಿಂದೆ ನಿಂತು ನೋಡಿದಾಗ ಅವೆರಡೂ ಒಂದೇ ಗೆರೆಯಲ್ಲಿರಬೇಕು. ಮೂಲೆಯಿಂದ ಮೂಲೆಗೆ ಅಳೆದರೆ ಎರಡೂ ಅಳತೆ ಸಮನಾಗಿರಬೇಕು. ತಿರುಚಿದ ದೋಣಿ ಜೀವಮಾನವಿಡೀ ಒಂದು ಕಡೆಗೆ ಎಳೆಯುತ್ತದೆ, ಅಂಟು ಗಟ್ಟಿಯಾದ ಮೇಲೆ ಸರಿಪಡಿಸಲಾಗದು. ಸರಿಯಿದೆಯೆಂದು ಖಾತ್ರಿಯಾದ ಮೇಲೆ ಎಪಾಕ್ಸಿಗೆ ನಯವಾದ ಮರದ ಹೊಟ್ಟನ್ನು ಕಲಸಿ ಒಳಮೂಲೆಗಳಿಗೆ ಗುಂಡಗೆ ಮೆತ್ತಿ, ಅದರ ಮೇಲೆ ಮೂರಂಗುಲ ಅಗಲದ ಫೈಬರ್‌ಗ್ಲಾಸ್ ಪಟ್ಟಿ ಹಾಸಿ ಎಪಾಕ್ಸಿ ಕುಡಿಸಬೇಕು. ಹೊರಗಿನ ಅಂಚನ್ನು ಉರುಟಾಗಿ ಉಜ್ಜಿ ಅಲ್ಲಿಗೂ ಪಟ್ಟಿ. ಅಡ್ಡಹಲಗೆಗಳು, ಆಸನ, ಅಂಚುಪಟ್ಟಿ ಸೇರುತ್ತಿದ್ದಂತೆ ತೆಳುವಾದ ಒಡಲು ಆಶ್ಚರ್ಯವಾಗುವಷ್ಟು ಬಿಗಿಯಾಗುತ್ತದೆ. ಮುಂದೆ ಅಥವಾ ಪಕ್ಕಗಳಲ್ಲಿ ಗಾಳಿ ತುಂಬಿದ ಮುಚ್ಚಿದ ಪೆಟ್ಟಿಗೆಗಳನ್ನು ಬಿಡಬೇಕು. ದೋಣಿ ಮಗುಚಿದಾಗ ತೇಲಿಸುವುದು ಅವೇ. ಕೊನೆಗೆ ಬಣ್ಣ. ಬಿಸಿಲಿಗೆ ಎಪಾಕ್ಸಿ ಹಾಳಾಗುವುದರಿಂದ ಬಣ್ಣ ಅಲಂಕಾರಕ್ಕಷ್ಟೇ ಅಲ್ಲ.

ಹುಟ್ಟಿನ ದೋಣಿಯನ್ನು ಹಾಯಿದೋಣಿ ಮಾಡುವುದು ನೀರಿನೊಳಗಿನ ಎರಡು ಹಲಗೆಗಳು: ನಡುವಿನ ಸೀಳಿನಿಂದ ಕೆಳಗಿಳಿಸುವ ಅಥವಾ ಪಕ್ಕೆಗೆ ನೇತುಹಾಕುವ ಹಲಗೆ ಒಂದು, ಹಿಂದಿನ ಚುಕ್ಕಾಣಿ ಇನ್ನೊಂದು. ಪಕ್ಕದಿಂದ ಬೀಸುವ ಗಾಳಿಗೆ ದೋಣಿ ಅಡ್ಡಕ್ಕೆ ಜಾರದಂತೆ ಮೊದಲನೆಯ ಈ ನಡುಹಲಗೆ ತಡೆಯುತ್ತದೆ. ಮೊದಲ ಸಲ ಕಟ್ಟುವವರು ಒಡಲಿಗೆ ಹತ್ತು ಸಲ ವಾರ್ನಿಷ್ ಹೊಡೆದು, ಈ ಹಲಗೆಗಳನ್ನು ಮಾತ್ರ ಚೌಕಾಂಚಿನ ತುಂಡಾಗಿ ಬಿಟ್ಟುಬಿಡುವುದುಂಟು. ಶ್ರಮ ಸಲ್ಲಬೇಕಾದದ್ದು ಇಲ್ಲಿ. ಮುಂದಿನ ಅಂಚು ಉರುಟಾಗಿ, ಹಿಂದಿನದು ತೆಳುವಾಗಿ ಇಳಿದರೆ ದೋಣಿ ಗಾಳಿಯೆದುರಿಗೆ ಏರುವ ಶಕ್ತಿ ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ. ಹಲಗೆ ಇಳಿಯುವ ಸೀಳುಪೆಟ್ಟಿಗೆಯ ಬುಡವೇ ದೋಣಿ ಸೋರುವ ಮೊದಲ ಜಾಗವಾದ್ದರಿಂದ ಅದರ ಒಳಮೈಗೂ ಕೂರಿಸುವ ಮುನ್ನವೇ ಎಪಾಕ್ಸಿ ಬಳಿಯಬೇಕು.

ಹಾಯಿಯಲ್ಲಿ ಹಲವು ಬಗೆ. ಸಣ್ಣ ದೋಣಿಗೆ ಹೆಚ್ಚು ಹೊಂದುವುದು ನಾಲ್ಕು ಮೂಲೆಯ ಲಗ್ ಹಾಯಿ. ಅದರ ಮೇಲೊಂದು ಗಳ, ಕೆಳಗೊಂದು ಗಳ, ಕಂಬ ಗಿಡ್ಡ, ತಂತಿಗಳ ಆಸರೆ ಬೇಡ, ಒಂದೇ ಹಗ್ಗದಿಂದ ಮೇಲೇರುತ್ತದೆ, ಗಾಳಿ ಜೋರಾದರೆ ಕ್ಷಣದಲ್ಲಿ ಕೆಳಗಿಳಿಯುತ್ತದೆ. ಎತ್ತರದ ತ್ರಿಕೋನ ಹಾಯಿ ಗಾಳಿಯೆದುರು ಸ್ವಲ್ಪ ಚುರುಕು, ಆದರೆ ಕಲಿಯುವವರಿಗೆ ಆ ಲಾಭಕ್ಕಿಂತ ಗಿಡ್ಡ ಕಂಬದ ಸ್ಥಿರತೆ ಮುಖ್ಯ. ಡೇಕ್ರಾನ್ ಎಂಬ ಪಾಲಿಯೆಸ್ಟರ್ ಬಟ್ಟೆ ಹಾಯಿಗೆ ಶ್ರೇಷ್ಠ. ಅದು ಸಿಗದಿದ್ದರೆ ಅಂಗಡಿಯ ಪ್ಲಾಸ್ಟಿಕ್ ಟಾರ್ಪಾಲಿನಿಂದಲೂ ಒಳ್ಳೆಯ ಹಾಯಿಯಾಗುತ್ತದೆ. ಬಿಸಿಲಿಗೆ ಅದು ಬೇಗ ಜೀರ್ಣವಾಗುತ್ತದೆ, ಆದರೆ ಬದಲಾಯಿಸಲು ಹೆಚ್ಚು ಖರ್ಚಿಲ್ಲ. ಆದರೆ ಚಪ್ಪಟೆಯಾಗಿ ಕತ್ತರಿಸಿದ ಹಾಯಿ ಚೆನ್ನಾಗಿ ಕೆಲಸ ಮಾಡದು. ಅಂಚನ್ನು ನೇರ ಗೆರೆಗಿಂತ ಕೆಲವು ಸೆಂಟಿಮೀಟರ್ ಹೊರಕ್ಕೆ ಬಾಗಿಸಿ ಕತ್ತರಿಸಿ ನೇರವಾದ ಗಳಕ್ಕೆ ಕಟ್ಟಿದರೆ, ಆ ಹೆಚ್ಚುವರಿ ಬಟ್ಟೆ ಒಳಕ್ಕೆ ಸರಿದು ಹಾಯಿಗೆ ಹೊಟ್ಟೆ ಬರುತ್ತದೆ. ಅಂಚಿನುದ್ದಕ್ಕೂ ಒಳಗೆ ಹಗ್ಗವಿಟ್ಟು ಪಾಲಿಯೆಸ್ಟರ್ ದಾರದಲ್ಲಿ ಹೊಲಿದು, ಮೂಲೆಗಳಿಗೆ ನಾಲ್ಕು ಪದರದ ತೇಪೆ ಹಾಕಿ, ಹಿತ್ತಾಳೆಯ ಐಲೆಟ್ ಹೊಡೆದರೆ ಹಾಯಿ ಸಿದ್ಧ.

ಕಂಬ ನಿಲ್ಲುವ ಜಾಗವನ್ನು ಅಂದಾಜಿನಲ್ಲಿ ಆರಿಸಬಾರದು. ಹಾಯಿಯ ಒಟ್ಟು ಒತ್ತಡ ಬೀಳುವ ಬಿಂದು ನಡುಹಲಗೆಯ ಬಿಂದುವಿಗಿಂತ ತೀರ ಮುಂದಿದ್ದರೆ ದೋಣಿಯ ಮೂತಿ ಗಾಳಿಯಿಂದ ದೂರಕ್ಕೆ ತಿರುಗುತ್ತದೆ, ಹಿಂದಿದ್ದರೆ ಗಾಳಿಯ ಕಡೆಗೆ. ಸ್ವಲ್ಪವೇ ಗಾಳಿಯ ಕಡೆಗೆ ತಿರುಗುವ ಸ್ವಭಾವ ಒಳ್ಳೆಯದು. ಗಾಬರಿಯಾಗಿ ಹಗ್ಗ-ಚುಕ್ಕಾಣಿ ಎರಡನ್ನೂ ಬಿಟ್ಟರೂ ಅಂಥ ದೋಣಿ ತಾನಾಗಿ ಗಾಳಿಗೆ ಮುಖ ಮಾಡಿ ನಿಲ್ಲುತ್ತದೆ.

ಹಾಯಿದೋಣಿ ಗಾಳಿ ತಳ್ಳಿದತ್ತ ಮಾತ್ರ ಹೋಗುತ್ತದೆ ಎಂಬುದು ಸಾಮಾನ್ಯ ಕಲ್ಪನೆ, ಆದರೆ ಅದು ನಿಜವಲ್ಲ. ಬಾಗಿದ ಹಾಯಿಯ ಎರಡು ಬದಿಯಲ್ಲೂ ಗಾಳಿ ಹರಿದು ತಿರುಗುವಾಗ ವಿಮಾನದ ರೆಕ್ಕೆಯಲ್ಲಿ ಹುಟ್ಟುವಂಥದೇ ಬಲ ಹುಟ್ಟುತ್ತದೆ. ಆ ಬಲದ ಹೆಚ್ಚಿನ ಪಾಲು ಪಕ್ಕಕ್ಕೆ, ಸ್ವಲ್ಪ ಪಾಲು ಮುಂದಕ್ಕೆ. ಪಕ್ಕದ ಪಾಲನ್ನು ನಡುಹಲಗೆ ತಡೆದಾಗ ಉಳಿದದ್ದು ದೋಣಿಯನ್ನು ಮುಂದಕ್ಕೆ ಒಯ್ಯುತ್ತದೆ. ಹೀಗೆ ಗಾಳಿ ಬರುವ ದಿಕ್ಕಿಗೆ ಸುಮಾರು 45 ಡಿಗ್ರಿ ಓರೆಯಾಗಿ ಸಾಗಬಹುದು. ಅದಕ್ಕಿಂತ ಹತ್ತಿರ ಹೋದರೆ ಹಾಯಿ ಪಟಪಟನೆ ಬಡಿದು ದೋಣಿ ನಿಲ್ಲುತ್ತದೆ. ನೇರ ಗಾಳಿಯೆದುರಿನ ಊರಿಗೆ ಹೋಗಬೇಕಾದರೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ಸಾಗುತ್ತ ಏರಬೇಕು. ಅತಿ ಸುಲಭವಾದ, ಬಹುಮಟ್ಟಿಗೆ ವೇಗವಾದ ದಾರಿ ಗಾಳಿ ಪಕ್ಕದಿಂದ ಬೀಸುವಾಗಿನದು. ಗಾಳಿ ಬೆನ್ನಿಗಿರುವಾಗ ಎಲ್ಲವೂ ಶಾಂತವೆನಿಸಿದರೂ ಎಚ್ಚರ ಬೇಕಾದದ್ದು ಆಗಲೇ. ದಿಕ್ಕು ತುಸು ತಪ್ಪಿದರೆ ಹಾಯಿ ಒಂದು ಬದಿಯಿಂದ ಇನ್ನೊಂದಕ್ಕೆ ರಭಸದಿಂದ ಬೀಸುತ್ತದೆ, ಕೆಳಗಿನ ಗಳ ತಲೆಗೆ ಬಡಿಯುತ್ತದೆ.

ಹಾಯಿಯನ್ನು ಎಷ್ಟು ಎಳೆಯಬೇಕು ಎಂಬ ಪ್ರಶ್ನೆಗೆ ಹಾಯಿಯೇ ಉತ್ತರ ಹೇಳುತ್ತದೆ: ಮುಂದಿನ ಅಂಚು ನಡುಗುವವರೆಗೆ ಹಗ್ಗ ಸಡಿಲಿಸಿ, ನಡುಕ ನಿಲ್ಲುವಷ್ಟೇ ಎಳೆಯುವುದು. ಹೊಸಬರು ಸಾಮಾನ್ಯವಾಗಿ ಬಿಗಿಯಾಗಿ ಎಳೆದು ಹಿಡಿಯುತ್ತಾರೆ. ದೋಣಿ ವಾಲುತ್ತದೆ, ಸಾಗುವುದಿಲ್ಲ. ಹಾಯಿಯನ್ನು ಎಳೆದು ಹಿಡಿಯುವ ಈ ಹಗ್ಗವನ್ನು ಎಂದೂ ಕಟ್ಟಿಹಾಕಬಾರದು. ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಬಲ ನಾಲ್ಕು ಪಟ್ಟಾಗುತ್ತದೆ, ಆ ಕ್ಷಣದಲ್ಲಿ ಹಗ್ಗ ಕೈಯಿಂದ ಬಿಡುವಂತಿರಬೇಕು. ಮರದೆಲೆಗಳು ಸರಸರನೆ ಅಲುಗುವ ಗಾಳಿ, ಅಂದರೆ ಗಂಟೆಗೆ ಹತ್ತು ಕಿಲೋಮೀಟರ್ ಆಸುಪಾಸು, ಕಲಿಯುವವರಿಗೆ ಸರಿ. ನೆಲದ ಧೂಳು, ಕಾಗದ ಹಾರುವಷ್ಟಾದರೆ ಗಾಳಿ 20 ಕಿಲೋಮೀಟರ್ ದಾಟಿದೆ ಎಂದರ್ಥ; ಆಗ ಹಾಯಿಯ ಕೆಳಭಾಗವನ್ನು ಮಡಿಚಿ ಕಟ್ಟಬೇಕು ಅಥವಾ ದಡದಲ್ಲೇ ಉಳಿಯಬೇಕು.

ಸಣ್ಣ ದೋಣಿ ಎಂದಾದರೊಮ್ಮೆ ಮಗುಚಿಯೇ ಮಗುಚುತ್ತದೆ. ಅದನ್ನು ದಡದ ಹತ್ತಿರ, ಎದೆಮಟ್ಟದ ನೀರಿನಲ್ಲಿ ಬೇಕೆಂದೇ ಮಗುಚಿ ಅಭ್ಯಾಸ ಮಾಡಿಕೊಳ್ಳಬೇಕು. ಹಾಯಿಯ ಹಗ್ಗ ಸಡಿಲಿಸಿ, ನಡುಹಲಗೆಯ ಮೇಲೆ ಭಾರ ಹಾಕಿ ಹಿಂದಕ್ಕೆ ವಾಲಿದರೆ ದೋಣಿ ಎದ್ದು ನಿಲ್ಲುತ್ತದೆ. ಹಿಂಬದಿಯಿಂದ ಹತ್ತಿ ನೀರು ಮೊಗೆಯಬೇಕು. ನೀರು ತುಂಬಿದ ದೋಣಿ ಸವಾರರ ಭಾರ ಹೊತ್ತು ತೇಲದಿದ್ದರೆ ಗಾಳಿಪೆಟ್ಟಿಗೆ ಸಾಲದು ಎಂದರ್ಥ, ಅದನ್ನು ಹೆಚ್ಚಿಸುವವರೆಗೆ ದೂರ ಹೋಗಬಾರದು. ಈಜು ಬಲ್ಲವರೂ ಲೈಫ್ ಜಾಕೆಟ್ ತೊಡಲೇಬೇಕು. ಹುಟ್ಟು, ನೀರು ಮೊಗೆಯುವ ಡಬ್ಬ, ಸೀಟಿ ಇವನ್ನು ದೋಣಿಗೇ ಕಟ್ಟಿರಬೇಕು. ಮಗುಚಿದರೆ ದೋಣಿಯನ್ನು ಬಿಟ್ಟು ದಡಕ್ಕೆ ಈಜಲು ಹೋಗಬಾರದು. ತೇಲುವ ದೋಣಿ ದೂರದವರ ಕಣ್ಣಿಗೆ ಬೀಳುತ್ತದೆ, ಒಂಟಿ ತಲೆ ಬೀಳುವುದಿಲ್ಲ.

ಕರ್ನಾಟಕದಲ್ಲಿ ಹಾಯಿದೋಣಿಯ ಅಭ್ಯಾಸಕ್ಕೆ ಹಳೆಯ ನೆಲೆ ಬೆಂಗಳೂರಿನ ಹಲಸೂರು ಕೆರೆ. ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ಅಲ್ಲಿ ತರಬೇತಿ ಪಡೆಯುತ್ತಾರೆ. 1985ರಿಂದ 87ರವರೆಗೆ ಸೇನೆಯ ಎಂಜಿನಿಯರುಗಳ ತಂಡ ಭೂಪ್ರದಕ್ಷಿಣೆ ಮಾಡಿದ ‘ತೃಷ್ಣಾ’ ಹಾಯಿನೌಕೆಯ ಹೆಸರನ್ನೇ ಅಲ್ಲಿನ ಕ್ಲಬ್ಬಿಗೆ ಇಡಲಾಗಿದೆ. ಕಾಳಿ, ಅಘನಾಶಿನಿ, ಶರಾವತಿ ನದಿಗಳು ಕಡಲು ಸೇರುವಲ್ಲಿನ ಅಗಲವಾದ ಹಿನ್ನೀರುಗಳು ಗಾಳಿಯ ಲೆಕ್ಕದಲ್ಲಿ ಇನ್ನೂ ಒಳ್ಳೆಯ ಜಾಗ, ಆದರೆ ಉಬ್ಬರ-ಇಳಿತದ ಸೆಳೆತ ತಿಳಿದಿರಬೇಕು. ಕೆರೆಯಾಗಲಿ ಜಲಾಶಯವಾಗಲಿ, ದೋಣಿ ಇಳಿಸುವ ಮೊದಲು ಅದರ ಉಸ್ತುವಾರಿ ಹೊತ್ತ ಇಲಾಖೆಯ ಅನುಮತಿ ಅಗತ್ಯ. ಕರಾವಳಿಯಲ್ಲಿ ಬೆಳಗ್ಗೆ ನೆಲದಿಂದ ಕಡಲಿಗೆ, ಮಧ್ಯಾಹ್ನ ಕಡಲಿನಿಂದ ನೆಲಕ್ಕೆ ಗಾಳಿ ಬೀಸುತ್ತದೆ. ಬೆಳಗಿನ ಗಾಳಿಯಲ್ಲಿ ದಡದ ನೀರು ಶಾಂತವಾಗಿ ಕಂಡರೂ ಅದು ದೋಣಿಯನ್ನು ಹೊರಕ್ಕೆ ಒಯ್ಯುವ ಗಾಳಿ, ಹೊಸಬರಿಗೆ ಅದೇ ಹೆಚ್ಚು ಅಪಾಯ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಳೆಗಾಲದ ಆ ಕಡಲು ಪ್ಲೈವುಡ್ ದೋಣಿಗೆ ಸಲ್ಲದು. ಒಳನಾಡಿನಲ್ಲಿ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಮೋಡ ಕಟ್ಟಿ ಕಪ್ಪಾಗುತ್ತಿದ್ದಂತೆ ದಡ ಸೇರಿಬಿಡಬೇಕು. ಗುಡುಗುಮಳೆಗೆ ಮುಂಚೆ ನುಗ್ಗುವ ಗಾಳಿ ನಿಮಿಷದೊಳಗೆ ಹಲವು ಪಟ್ಟು ಏರುತ್ತದೆ.

ಪ್ಲೈವುಡ್ ದೋಣಿಯನ್ನು ಕೆಡಿಸುವುದು ಅದು ತೇಲುವ ನೀರಲ್ಲ, ಒಳಗೆ ನಿಂತ ಮಳೆನೀರು. ದೋಣಿ ಓಡಿಸಿ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು, ಗಾಳಿಪೆಟ್ಟಿಗೆಗಳ ಮುಚ್ಚಳ ತೆಗೆದು, ನೆರಳಿನಲ್ಲಿ ಕವುಚಿಟ್ಟರೆ ಅದು ದಶಕಗಳ ಕಾಲ ಬಾಳುತ್ತದೆ. ಬಣ್ಣ ಎದ್ದಲ್ಲಿ, ಹಾಳೆಯ ಕತ್ತರಿಸಿದ ಅಂಚು ಬಯಲಾದಲ್ಲಿ ಕೂಡಲೇ ಒಣಗಿಸಿ ಎಪಾಕ್ಸಿ ಹಚ್ಚಬೇಕು, ಕೊಳೆತ ಹಿಡಿಯುವುದು ಅಂಚಿನಿಂದಲೇ. ಬಂಡೆ ತಾಗಿ ತೂತಾದರೆ ಅಷ್ಟು ಭಾಗವನ್ನು ಕತ್ತರಿಸಿ ತೆಗೆದು, ಅದೇ ಅಳತೆಯ ತುಂಡು ಕೂರಿಸಿ, ಎರಡೂ ಬದಿಗೆ ಫೈಬರ್‌ಗ್ಲಾಸ್ ಪಟ್ಟಿ ಹಾಕಬಹುದು. ಕಟ್ಟಿದವರಿಗೆ ಇದು ಒಂದು ಸಂಜೆಯ ಕೆಲಸ.